ಬೆಂಗಳೂರು ಓಪನ್, ಮಹಿಳೆಯರ ಡಬಲ್ಸ್

ಬೆಂಗಳೂರು ಓಪನ್ ಮಹಿಳೆಯರ ಡಬಲ್ಸ್ ಎಂಬುದು 2006ರಿಂದ 2008ರವರೆಗೆ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ನಡೆದ ಡಬ್ಲ್ಯುಟಿಎ ಮಟ್ಟದ ವೃತ್ತಿಪರ ಟೆನಿಸ್ ಪಂದ್ಯಾವಳಿಯ ಜೋಡಿ ಸ್ಪರ್ಧೆ. ಪ್ರತಿ ಜೋಡಿಯಲ್ಲಿ ಇಬ್ಬರು ಆಟಗಾರ್ತಿಯರಿರುತ್ತಾರೆ. ಇದಕ್ಕೂ ಮೊದಲು, 2003ರಿಂದ 2005ರವರೆಗೆ, ಇದೇ ಪಂದ್ಯಾವಳಿ ಹೈದರಾಬಾದ್‌ನಲ್ಲಿ ನಡೆದಿತ್ತು. ಅದೇ ಅವಧಿಯಲ್ಲಿ, 2005ರಿಂದ 2007ರವರೆಗೆ, ಕೋಲ್ಕತ್ತದ ನೇತಾಜಿ ಒಳಾಂಗಣ ಕ್ರೀಡಾಂಗಣದಲ್ಲಿ ಸನ್‌ಫೀಸ್ಟ್ ಓಪನ್ ನಡೆಯಿತು. ಭಾರತದ ಮಹಿಳಾ ಡಬಲ್ಸ್ ಚರಿತ್ರೆಯಲ್ಲಿ ಈ ಮೂರು ಊರುಗಳನ್ನು ಒಟ್ಟಿಗೇ ನೋಡಬೇಕಾಗುತ್ತದೆ. ಮೂರರಲ್ಲೂ ಅದೇ ಆಟಗಾರ್ತಿಯರ ಹೆಸರುಗಳು ಮತ್ತೆ ಮತ್ತೆ ಕಾಣಿಸುತ್ತವೆ.

ಬೆಂಗಳೂರಿನಲ್ಲಿ ನಂತರದ ವರ್ಷಗಳಲ್ಲಿ ಪುರುಷರ ಚಾಲೆಂಜರ್ ಪಂದ್ಯಾವಳಿಯೂ ಬೆಂಗಳೂರು ಓಪನ್ ಎಂಬ ಹೆಸರಿನಲ್ಲೇ ನಡೆಯುತ್ತ ಬಂದಿದೆ. ಈ ಲೇಖನದಲ್ಲಿ ಆ ಹೆಸರು ಮಹಿಳೆಯರ ಪಂದ್ಯಾವಳಿಯನ್ನು ಮಾತ್ರ ಸೂಚಿಸುತ್ತದೆ.

ಮೂಲ

ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಡಬಲ್ಸ್ 1889ರಲ್ಲಿ ಮೊದಲಾಯಿತು. ವಿಂಬಲ್ಡನ್‌ನಲ್ಲಿ 1913ರಿಂದ ಅದು ಚಾಂಪಿಯನ್‌ಷಿಪ್ ಸ್ಪರ್ಧೆಯಾಯಿತು. ಹಣಕ್ಕಾಗಿ ಆಡುವ ಮಹಿಳಾ ಟೆನಿಸ್‌ಗೆ ನೆಲೆ ಸಿಕ್ಕಿದ್ದು 1970ರಲ್ಲಿ. ಆ ವರ್ಷ ಬಿಲ್ಲಿ ಜೀನ್ ಕಿಂಗ್ ಸೇರಿದಂತೆ 9 ಆಟಗಾರ್ತಿಯರು ಪ್ರಕಾಶಕಿ ಗ್ಲಾಡಿಸ್ ಹೆಲ್ಡ್‌ಮನ್ ಅವರೊಂದಿಗೆ ತಲಾ 1 ಡಾಲರ್‌ನ ಕರಾರಿಗೆ ಸಹಿ ಹಾಕಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಪ್ರತ್ಯೇಕ ಪಂದ್ಯಾವಳಿ ಆಡಿದರು. ಮಹಿಳಾ ಟೆನಿಸ್ ಸಂಸ್ಥೆ, ಅಂದರೆ ಡಬ್ಲ್ಯುಟಿಎ, 1973ರಲ್ಲಿ ಸ್ಥಾಪನೆಯಾಯಿತು.

ಈ ವೃತ್ತಿಪರ ಆಟ ಬೆಳೆದಿದ್ದು ಬಹುಮಟ್ಟಿಗೆ ಸೂರಿನ ಕೆಳಗೆ. ವರ್ಜೀನಿಯಾ ಸ್ಲಿಮ್ಸ್ ಎಂಬ ಆರಂಭದ ವೃತ್ತಿಪರ ಸರಣಿಯ ಬಹುಪಾಲು ಪಂದ್ಯಾವಳಿಗಳು ಚಳಿಗಾಲದಲ್ಲಿ ಅಮೆರಿಕದ ನಗರಗಳ ಒಳಾಂಗಣಗಳಲ್ಲಿ ಕಾರ್ಪೆಟ್ ಹಾಸಿ ನಡೆಯುತ್ತಿದ್ದವು. ವರ್ಷಾಂತ್ಯದ ಚಾಂಪಿಯನ್‌ಷಿಪ್ 1979ರಿಂದ 2000ದವರೆಗೆ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿತ್ತು. ಮಾರ್ಟಿನಾ ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್ ಜೋಡಿ ಈ ವರ್ಷಾಂತ್ಯದ ಡಬಲ್ಸ್ ಪ್ರಶಸ್ತಿಯನ್ನು 10 ಬಾರಿ ಗೆದ್ದಿತು. 1983ರಿಂದ 1985ರ ನಡುವೆ ಇವರಿಬ್ಬರು ಸತತ 109 ಪಂದ್ಯಗಳನ್ನು ಗೆದ್ದರು. ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಸೋತವರು ಹೊತ್ತು ಕಳೆಯುವ ಆಟವಲ್ಲ, ಜೋಡಿಯಾಗಿಯೇ ಪಳಗಬೇಕಾದ ವಿದ್ಯೆ ಎಂಬುದನ್ನು ಈ ಜೋಡಿಯಷ್ಟು ಸ್ಪಷ್ಟವಾಗಿ ತೋರಿಸಿದವರು ಕಡಿಮೆ.

ಹೈದರಾಬಾದ್‌ನ ಮೂರು ವರ್ಷಗಳು

ಪಂದ್ಯಾವಳಿ 2003ರಲ್ಲಿ ಹೈದರಾಬಾದ್‌ನಲ್ಲಿ ಆರಂಭವಾಯಿತು. ಮೊದಲ ವರ್ಷದ ಡಬಲ್ಸ್ ಪ್ರಶಸ್ತಿ ರಷ್ಯಾದ ಎಲೆನಾ ಲಿಖೋವ್ಟ್ಸೆವಾ ಮತ್ತು ಉಜ್ಬೇಕಿಸ್ತಾನದ ಇರೋಡಾ ತುಲ್ಯಗನೋವಾ ಅವರ ಪಾಲಾಯಿತು.

2004ರ ಫೈನಲ್ ಭಾರತದ ಟೆನಿಸ್‌ಗೆ ತಿರುವು ಕೊಟ್ಟ ಪಂದ್ಯ. 17 ವರ್ಷದ ಸಾನಿಯಾ ಮಿರ್ಜಾ ದಕ್ಷಿಣ ಆಫ್ರಿಕಾ ಮೂಲದ ಲೀಝೆಲ್ ಹ್ಯೂಬರ್ ಜೊತೆಗೂಡಿ ಚೀನಾದ ಲಿ ಟಿಂಗ್ ಮತ್ತು ಸುನ್ ಟಿಯಾಂಟಿಯಾನ್ ಜೋಡಿಯನ್ನು ನೇರ ಸೆಟ್‌ಗಳಿಂದ ಮಣಿಸಿದರು. ಡಬ್ಲ್ಯುಟಿಎ ಪ್ರಶಸ್ತಿ ಗೆದ್ದ ಭಾರತದ ಮೊದಲ ಆಟಗಾರ್ತಿ ಎನ್ನಿಸಿಕೊಂಡರು. ಎದುರಾಳಿಗಳು ಸಾಮಾನ್ಯರಾಗಿರಲಿಲ್ಲ: ಅದೇ ವರ್ಷದ ಆಗಸ್ಟ್‌ನಲ್ಲಿ ಲಿ ಮತ್ತು ಸುನ್ ಅಥೆನ್ಸ್ ಒಲಿಂಪಿಕ್ಸ್‌ನ ಡಬಲ್ಸ್ ಚಿನ್ನ ಗೆದ್ದರು. 2005ರಲ್ಲಿ ಈ ಚೀನೀ ಜೋಡಿ ಮತ್ತೆ ಫೈನಲ್ ತಲುಪಿ, ಸ್ವದೇಶದವರೇ ಆದ ಯಾನ್ ಝಿ ಮತ್ತು ಝೆಂಗ್ ಜಿ ಅವರಿಗೆ ಸೋತಿತು. ಯಾನ್ ಮತ್ತು ಝೆಂಗ್ ಮರುವರ್ಷ ಆಸ್ಟ್ರೇಲಿಯನ್ ಓಪನ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದರು. 2005ರ ಸಿಂಗಲ್ಸ್ ಪ್ರಶಸ್ತಿ ಸಾನಿಯಾ ಅವರದಾಯಿತು.

  

ಕ್ರೀಡಾಂಗಣ ಮತ್ತು ಅಂಕಣ

ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ, ಅಂದರೆ ಕೆಎಸ್‌ಎಲ್‌ಟಿಎಯ, ಕ್ರೀಡಾಂಗಣ ಕಬ್ಬನ್ ಉದ್ಯಾನದ ಒಳಗಿದೆ. ಈಗ ಅದಕ್ಕೆ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣ ಎಂಬ ಹೆಸರಿದೆ. ಡಬಲ್ಸ್ ಈ ಅಂಕಣಕ್ಕೆ ಮೊದಲೇ ಪರಿಚಿತ. 2000ದ ಡಿಸೆಂಬರ್‌ನಲ್ಲಿ ಪುರುಷರ ವಿಶ್ವ ಡಬಲ್ಸ್ ಚಾಂಪಿಯನ್‌ಷಿಪ್ ಇಲ್ಲಿಯೇ ನಡೆದು, ಡೊನಾಲ್ಡ್ ಜಾನ್ಸನ್ ಮತ್ತು ಪೀಟ್ ನಾರ್ವಲ್ ಅವರು ಫೈನಲ್‌ನಲ್ಲಿ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಅವರನ್ನು ಸೋಲಿಸಿದ್ದರು.

ಮಹಿಳೆಯರ ಪಂದ್ಯಗಳು ಹೊರಾಂಗಣದ ಹಾರ್ಡ್ ಕೋರ್ಟ್‌ನಲ್ಲಿ ನಡೆದವು. 2006 ಮತ್ತು 2007ರಲ್ಲಿ ಫೆಬ್ರುವರಿ, 2008ರಲ್ಲಿ ಮಾರ್ಚ್ ಮೊದಲ ಭಾಗ ಪಂದ್ಯಾವಳಿಯ ಕಾಲ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಮಳೆ ಅಪರೂಪ, ಸೂರು ಬೇಕಾಗುವುದಿಲ್ಲ. ಆದರೆ ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಚೆಂಡಿಗೆ ತಡೆ ಕಡಿಮೆ. ಹೊಡೆತ ವೇಗವಾಗಿ ಹೋಗುತ್ತದೆ, ಲಾಬ್ ಅಂದಾಜಿಗಿಂತ ಉದ್ದ ಬೀಳುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ, ಅಂದರೆ ಐಟಿಎಫ್‌ನ, ನಿಯಮದಲ್ಲಿ ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಇದೆ. ಅದು 1,219 ಮೀಟರ್‌ಗಿಂತ ಮೇಲಿನ ಜಾಗಗಳಿಗೆ ಮಾತ್ರ. ಹಾಗಾಗಿ ಬೆಂಗಳೂರಿನಲ್ಲಿ ಸಾಮಾನ್ಯ ಚೆಂಡಿನಲ್ಲೇ ಆಡಬೇಕು. ಇಲ್ಲಿಗೆ ಬಂದ ಆಟಗಾರ್ತಿಯರು ಮೊದಲ ಒಂದೆರಡು ದಿನ ಹೊಡೆತದ ಅಳತೆಯನ್ನೇ ಹೊಸದಾಗಿ ಕಲಿಯಬೇಕಾಗುತ್ತದೆ.

ಡಬಲ್ಸ್ ಅಂಕಣದ ಉದ್ದ ಸಿಂಗಲ್ಸ್‌ನಷ್ಟೇ: 23.77 ಮೀಟರ್. ಅಗಲ ಮಾತ್ರ 8.23ರಿಂದ 10.97 ಮೀಟರ್‌ಗೆ ಏರುತ್ತದೆ. ಎರಡೂ ಬದಿಗೆ ಸೇರುವ 1.37 ಮೀಟರ್ ಅಗಲದ ಪಟ್ಟಿಯನ್ನು ಆ್ಯಲಿ ಎನ್ನುತ್ತಾರೆ. ಈ ಪಟ್ಟಿ ರ‍್ಯಾಲಿಯಲ್ಲಿ ಮಾತ್ರ ಲೆಕ್ಕಕ್ಕೆ; ಸರ್ವ್ ಬೀಳಬೇಕಾದ ಚೌಕ ಎರಡೂ ಬಗೆಯ ಆಟಕ್ಕೂ ಒಂದೇ. ನೆಟ್‌ನ ಎತ್ತರ ಕಂಬದ ಬಳಿ 1.07 ಮೀಟರ್, ನಡುವೆ 0.914 ಮೀಟರ್. ನಡುವೆ ನೆಟ್ ತಗ್ಗಾಗಿರುವುದರಿಂದಲೇ ಡಬಲ್ಸ್‌ನಲ್ಲಿ ಇಬ್ಬರು ಎದುರಾಳಿಗಳ ನಡುವಿನ ಜಾಗ ಎಲ್ಲರಿಗೂ ಮೊದಲ ಗುರಿ.

ಸ್ಪರ್ಧೆಯ ರಚನೆ

ಡ್ರಾದಲ್ಲಿ 16 ಜೋಡಿಗಳು. ಮೊದಲ ಸುತ್ತು, ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಎಂದು ನಾಲ್ಕು ಗೆಲುವಿಗೆ ಪ್ರಶಸ್ತಿ. ಇಬ್ಬರ ರ‍್ಯಾಂಕಿಂಗ್ ಕೂಡಿಸಿ ಬರುವ ಮೊತ್ತ ಯಾವ ಜೋಡಿಯದು ಕಡಿಮೆಯೋ ಆ ಜೋಡಿಗೆ ಮೊದಲ ಪ್ರವೇಶ. ಸಂಘಟಕರು ಸ್ಥಳೀಯ ಜೋಡಿಗಳಿಗೆ ವೈಲ್ಡ್ ಕಾರ್ಡ್ ಕೊಡಬಹುದು. ಅಂತರರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ ಮೇಲೇರಲಾಗದ ಭಾರತೀಯರಿಗೆ ಈ ಮಟ್ಟದ ಅಂಕಣ ಸಿಗುತ್ತಿದ್ದುದು ಹೆಚ್ಚಾಗಿ ಈ ದಾರಿಯಿಂದಲೇ. ಗೆದ್ದ ಜೋಡಿಗೆ ಸಿಗುವ ರ‍್ಯಾಂಕಿಂಗ್ ಪಾಯಿಂಟ್ ಹಂಚಿಹೋಗುವುದಿಲ್ಲ, ಇಬ್ಬರಿಗೂ ಪೂರ್ತಿ ಸಿಗುತ್ತದೆ. ಬಹುಮಾನದ ಹಣವನ್ನು ಮಾತ್ರ ಇಬ್ಬರೂ ಹಂಚಿಕೊಳ್ಳಬೇಕು. ಒಟ್ಟು ಮೊತ್ತದಲ್ಲಿ ಡಬಲ್ಸ್‌ನ ಪಾಲು ಸಿಂಗಲ್ಸ್‌ಗಿಂತ ಬಹಳ ಕಡಿಮೆ.

ಡಬ್ಲ್ಯುಟಿಎ ಆಗ ತನ್ನ ಪಂದ್ಯಾವಳಿಗಳನ್ನು ಟಿಯರ್ 1ರಿಂದ 4ರವರೆಗೆ ವರ್ಗೀಕರಿಸುತ್ತಿತ್ತು. ಬೆಂಗಳೂರು 2006 ಮತ್ತು 2007ರಲ್ಲಿ ಟಿಯರ್ 3. 2008ರಲ್ಲಿ ಕೆನರಾ ಬ್ಯಾಂಕ್ ಪ್ರಾಯೋಜಕತ್ವದಲ್ಲಿ 6 ಲಕ್ಷ ಡಾಲರ್ ಬಹುಮಾನದ ಟಿಯರ್ 2 ಪಂದ್ಯಾವಳಿಯಾಗಿ ಮೇಲಕ್ಕೇರಿತು.

ಅಂಕ ಎಣಿಕೆಯಲ್ಲಿ ಎರಡು ವಿಶೇಷಗಳಿವೆ. ಆ ದಶಕದ ನಡುವಿನಲ್ಲಿ ಡಬ್ಲ್ಯುಟಿಎ ಪಂದ್ಯಾವಳಿಗಳ ಡಬಲ್ಸ್‌ಗೆ ಬಂದ ಈ ನಿಯಮಗಳು ಇಂದಿಗೂ ಉಳಿದಿವೆ. ಮೊದಲನೆಯದು, ಡ್ಯೂಸ್ ಆದಾಗ ಅಡ್ವಾಂಟೇಜ್ ಇಲ್ಲ. ಒಂದೇ ಪಾಯಿಂಟ್‌ಗೆ ಗೇಮ್ ತೀರ್ಮಾನ. ಆ ಪಾಯಿಂಟ್‌ನ ಸರ್ವ್ ಅನ್ನು ಯಾವ ಬದಿಯಿಂದ, ಅಂದರೆ ಇಬ್ಬರಲ್ಲಿ ಯಾರು, ಎದುರಿಸಬೇಕೆಂಬ ಆಯ್ಕೆ ರಿಟರ್ನ್ ಮಾಡುವ ಜೋಡಿಯದು. ಎರಡನೆಯದು, ಸೆಟ್‌ಗಳು 1–1 ಆದರೆ ಮೂರನೇ ಸೆಟ್‌ನ ಬದಲು 10 ಪಾಯಿಂಟ್‌ಗಳ ಟೈಬ್ರೇಕ್. ಆಡುಮಾತಿನಲ್ಲಿ ಸೂಪರ್ ಟೈಬ್ರೇಕ್. ಗೆಲ್ಲಲು 2 ಪಾಯಿಂಟ್ ಮುನ್ನಡೆ ಬೇಕು. ಮೊದಲ ಸರ್ವ್ ಒಂದು ಪಾಯಿಂಟ್‌ಗೆ, ಆಮೇಲೆ ಸರದಿಯಂತೆ ಎರಡೆರಡು. ಪ್ರತಿ 6 ಪಾಯಿಂಟ್‌ಗೆ ಬದಿ ಬದಲು. ಪಂದ್ಯ ಇಷ್ಟು ಹೊತ್ತಿಗೆ ಮುಗಿಯುತ್ತದೆಂದು ಅಂದಾಜು ಮಾಡಲು, ಸಿಂಗಲ್ಸ್ ಆಡುವವರೂ ಡಬಲ್ಸ್‌ಗೆ ಇಳಿಯಲು ಇದರಿಂದ ಅನುಕೂಲವಾಯಿತು. ಆದರೆ ಬಲಿಷ್ಠ ಜೋಡಿಯ ಭದ್ರತೆ ಹೋಯಿತು: ಎರಡು ಸೆಟ್‌ಗಳ ದುಡಿಮೆ ಎರಡು ಕೆಟ್ಟ ಸರ್ವ್‌ಗಳಲ್ಲಿ ಕೈತಪ್ಪಬಹುದು. ಗ್ರ್ಯಾನ್‌ಸ್ಲಾಮ್ ಟೂರ್ನಿಗಳ ಮಹಿಳೆಯರ ಡಬಲ್ಸ್‌ನಲ್ಲಿ ಈಗಲೂ ಮೂರನೇ ಸೆಟ್ ಆಡಿಸಲಾಗುತ್ತದೆ.

ಆಟದ ಬಗೆಗಳು

ಜೋಡಿಯ ನಿಲುವಿನಲ್ಲಿ ಮುಖ್ಯವಾಗಿ ಮೂರು ಬಗೆ. ಒಬ್ಬರು ನೆಟ್ ಬಳಿ, ಇನ್ನೊಬ್ಬರು ಹಿಂದಿನ ಗೆರೆಯಲ್ಲಿ ನಿಲ್ಲುವುದು ಸಾಮಾನ್ಯ. ಇಬ್ಬರೂ ನೆಟ್‌ಗೆ ನುಗ್ಗುವುದು ದಾಳಿಯ ಬಗೆ. ಇಬ್ಬರೂ ಹಿಂದೆ ನಿಲ್ಲುವುದು ರಕ್ಷಣೆಯ ಬಗೆ. ಮಹಿಳೆಯರ ಡಬಲ್ಸ್‌ನಲ್ಲಿ, ವಿಶೇಷವಾಗಿ ಎದುರಾಳಿಯ ಮೊದಲ ಸರ್ವ್ ಬಿರುಸಾಗಿದ್ದಾಗ, ಇದು ಹೆಚ್ಚು ಕಾಣುತ್ತದೆ.

ಡಬಲ್ಸ್‌ನ ಜೀವ ನೆಟ್ ಬಳಿ ನಿಂತವಳಲ್ಲಿದೆ. ಸರ್ವ್‌ಗೆ ಮುನ್ನ ಆಕೆ ಬೆನ್ನ ಹಿಂದೆ ಕೈ ಇಟ್ಟು ಬೆರಳುಗಳಲ್ಲಿ ಸನ್ನೆ ಮಾಡುತ್ತಾಳೆ. ಚೆಂಡು ಎಲ್ಲಿಗೆ ಬೀಳಬೇಕು, ತಾನು ಅಡ್ಡ ಹಾಯುತ್ತೇನೋ ಇದ್ದಲ್ಲೇ ಇರುತ್ತೇನೋ ಎಂಬ ಎರಡು ಸುದ್ದಿ ಅದರಲ್ಲಿರುತ್ತವೆ. ಸರ್ವ್ ಮಾಡುವವಳು ಒಪ್ಪಿದರೆ ಆಟ, ಇಲ್ಲವಾದರೆ ಇನ್ನೊಂದು ಸನ್ನೆ. ಐ ನಿಲುವಿನಲ್ಲಿ ನೆಟ್ ಆಟಗಾರ್ತಿ ಅಂಕಣದ ನಟ್ಟನಡುವೆ, ಸರ್ವ್ ತನ್ನ ತಲೆಯ ಮೇಲಿಂದ ಹೋಗುವಷ್ಟು ತಗ್ಗಿ, ಹೆಚ್ಚುಕಡಿಮೆ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಚೆಂಡು ದಾಟಿದೊಡನೆ ಎಡಕ್ಕೋ ಬಲಕ್ಕೋ ಚಿಮ್ಮುತ್ತಾಳೆ. ರಿಟರ್ನ್ ಮಾಡುವವಳಿಗೆ ಯಾವ ಬದಿ ತೆರೆದಿದೆ ಎಂಬುದು ಕೊನೆಯ ಗಳಿಗೆಯವರೆಗೂ ತಿಳಿಯುವುದಿಲ್ಲ. ವಾಲಿ ಹೊಡೆದದ್ದು ಒಬ್ಬಳೇ ಆದರೂ ಆ ಪಾಯಿಂಟ್ ಸರ್ವ್ ಬಿದ್ದ ಜಾಗದ ಫಲ. ಟಿವಿಯಲ್ಲಿ ಆಟ ನೋಡುವವರು ಚೆಂಡನ್ನು ಬಿಟ್ಟು ಈ ಬೆನ್ನ ಹಿಂದಿನ ಬೆರಳುಗಳನ್ನು ಗಮನಿಸಿದರೆ ಡಬಲ್ಸ್‌ನ ಅರ್ಧ ಲೆಕ್ಕಾಚಾರ ಕಣ್ಣಿಗೆ ಬೀಳುತ್ತದೆ.

ರಿಟರ್ನ್ ಮಾಡುವವರ ಬದಿ ಸೆಟ್ ಪೂರ್ತಿ ಬದಲಾಗುವಂತಿಲ್ಲ. ಹಾಗಾಗಿ ಜೋಡಿ ಕಟ್ಟುವಾಗಲೇ ಬಲಬದಿ ಯಾರದು, ಎಡಬದಿ ಯಾರದು ಎಂಬುದು ತೀರ್ಮಾನವಾಗಬೇಕು. ಸಾನಿಯಾ ಅವರ ಬಿರುಸಿನ ಫೋರ್‌ಹ್ಯಾಂಡ್ ರಿಟರ್ನ್ ಮತ್ತು ಹ್ಯೂಬರ್ ಅವರ ನೆಟ್ ಆಟ ಒಂದಕ್ಕೊಂದು ಹೊಂದಿಕೆಯಾದದ್ದು ಆ ಜೋಡಿಯ ಯಶಸ್ಸಿಗೆ ಮುಖ್ಯ ಕಾರಣ.

ಬೆಂಗಳೂರಿನ ಫೈನಲ್‌ಗಳು

2006ರಲ್ಲಿ ಹ್ಯೂಬರ್ ಮತ್ತು ಸಾನಿಯಾ ರಷ್ಯಾದ ಅನಸ್ತೇಸಿಯಾ ರೊಡಿಯೊನೊವಾ ಮತ್ತು ಎಲೆನಾ ವೆಸ್ನಿನಾ ಅವರನ್ನು 6–3, 6–3ರಿಂದ ಸೋಲಿಸಿದರು.

2007ರ ಫೈನಲ್‌ನಲ್ಲಿ ಚೈನೀಸ್ ತೈಪೆಯ ಚಾನ್ ಯುಂಗ್‌ಜಾನ್ ಮತ್ತು ಚುವಾಂಗ್ ಚಿಯಾಜುಂಗ್ ಮೊದಲ ಸೆಟ್ ಅನ್ನು ಟೈಬ್ರೇಕ್‌ನಲ್ಲಿ ಕಳೆದುಕೊಂಡು, ಎರಡನೆಯದನ್ನು 6–2ರಿಂದ ಗೆದ್ದು, ಸೂಪರ್ ಟೈಬ್ರೇಕ್‌ನಲ್ಲಿ 11–9ರಿಂದ ಪಾರಾದರು. ಸೋತವರು ಶೇ ಸುವೇಯಿ ಮತ್ತು ಅಲ್ಲಾ ಕುದ್ರ್ಯಾವ್ತ್‌ಸೆವಾ. 2008ರಲ್ಲಿ ಚಾನ್ ಮತ್ತು ಚುವಾಂಗ್ ಮತ್ತೆ ಫೈನಲ್ ತಲುಪಿದರು. ಎದುರಿಗೆ ಪೆಂಗ್ ಶುವಾಯ್ ಮತ್ತು ಸುನ್ ಟಿಯಾಂಟಿಯಾನ್. ಈ ಬಾರಿ ಚೀನಾದ ಜೋಡಿ 6–4, 5–7, 10–8ರಿಂದ ಗೆದ್ದಿತು. ಹೈದರಾಬಾದ್‌ನಲ್ಲಿ ಎರಡು ಫೈನಲ್ ಸೋತಿದ್ದ ಸುನ್‌ಗೆ ಇದೇ ಪಂದ್ಯಾವಳಿ ಬೆಂಗಳೂರಿನಲ್ಲಿ ಒಲಿಯಿತು. ಆ ವರ್ಷ ಸಾನಿಯಾ ಬೆಂಗಳೂರಿನಲ್ಲಿ ಆಡಲಿಲ್ಲ.

ಈ ಮೂರು ಫೈನಲ್‌ಗಳಲ್ಲಿ ಆಡಿದವರು ಒಟ್ಟು 10 ಮಂದಿ. ಅವರಲ್ಲಿ 6 ಮಂದಿ ಮುಂದೆ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ರ‍್ಯಾಂಕ್‌ಗೆ ಏರಿದರು: ಹ್ಯೂಬರ್ 2007ರಲ್ಲಿ, ಪೆಂಗ್ ಮತ್ತು ಶೇ 2014ರಲ್ಲಿ, ಸಾನಿಯಾ 2015ರಲ್ಲಿ, ಚಾನ್ 2017ರಲ್ಲಿ, ವೆಸ್ನಿನಾ 2018ರಲ್ಲಿ. ಸಾಧಾರಣ ದರ್ಜೆಯ ಪಂದ್ಯಾವಳಿಯೆಂದು ಕಡತದಲ್ಲಿ ದಾಖಲಾದ ಒಂದು ಸ್ಪರ್ಧೆ ಹತ್ತು ವರ್ಷ ಮುಂದಿನ ಡಬಲ್ಸ್ ಲೋಕವನ್ನು ಇಷ್ಟು ಮೊದಲೇ ಒಂದೆಡೆ ಸೇರಿಸಿದ್ದು ಗಮನಾರ್ಹ. ಅದೇ ಅಂಕಣದಲ್ಲಿ ಸಿಂಗಲ್ಸ್ ಗೆದ್ದವರಲ್ಲೂ ಇಬ್ಬರು ಗ್ರ್ಯಾನ್‌ಸ್ಲಾಮ್ ಕಿರೀಟ ಧರಿಸಿದ್ದು ಡಬಲ್ಸ್‌ನಲ್ಲಿಯೇ. 2006ರ ಚಾಂಪಿಯನ್ ಇಟಲಿಯ ಮಾರಾ ಸಂತಾಂಜೆಲೊ 2007ರಲ್ಲಿ ಅಲಿಸಿಯಾ ಮೋಲಿಕ್ ಜೊತೆ ಫ್ರೆಂಚ್ ಓಪನ್ ಗೆದ್ದರು. 2007ರ ಚಾಂಪಿಯನ್ ಯಾರೊಸ್ಲಾವಾ ಶ್ವೆಡೊವಾ 2010ರಲ್ಲಿ ವಾನಿಯಾ ಕಿಂಗ್ ಜೊತೆ ವಿಂಬಲ್ಡನ್ ಮತ್ತು ಯುಎಸ್ ಓಪನ್ ಎರಡನ್ನೂ ಗೆದ್ದರು. 2008ರ ಸಿಂಗಲ್ಸ್ ಪ್ರಶಸ್ತಿ ಪ್ಯಾಟಿ ಶ್ನೈಡರ್ ಅವರನ್ನು ಸೋಲಿಸಿದ ಸೆರೆನಾ ವಿಲಿಯಮ್ಸ್ ಅವರದು.

ಕೋಲ್ಕತ್ತದ ಒಳಾಂಗಣ ಡಬಲ್ಸ್

ಸನ್‌ಫೀಸ್ಟ್ ಓಪನ್ ಸೆಪ್ಟೆಂಬರ್‌ನಲ್ಲಿ ನಡೆಯುತ್ತಿತ್ತು. ಬಂಗಾಳದಲ್ಲಿ ಅದು ಮುಂಗಾರು ಇನ್ನೂ ಹಿಂದೆ ಸರಿಯದ ಕಾಲ. ಹೊರಾಂಗಣದಲ್ಲಿ ವಾರವಿಡೀ ಪಂದ್ಯ ಆಡಿಸುವ ಭರವಸೆ ಇರುವುದಿಲ್ಲ. ಈಡನ್ ಗಾರ್ಡನ್ಸ್ ಪಕ್ಕದ ನೇತಾಜಿ ಒಳಾಂಗಣ ಕ್ರೀಡಾಂಗಣ ಮಳೆಯ ಚಿಂತೆಯನ್ನು ತೊಡೆದುಹಾಕಿತು.

ಸೂರಿನ ಕೆಳಗೆ ಡಬಲ್ಸ್‌ನ ಸ್ವರೂಪ ಬದಲಾಗುತ್ತದೆ. ಗಾಳಿ ಇಲ್ಲ, ಕಣ್ಣಿಗೆ ಹೊಡೆಯುವ ಬಿಸಿಲಿಲ್ಲ. ಆದ್ದರಿಂದ ಸರ್ವ್‌ಗೆ ಮೇಲೆಸೆದ ಚೆಂಡು ಅತ್ತಿತ್ತ ಸರಿಯುವುದಿಲ್ಲ, ಸ್ಮ್ಯಾಶ್ ತಪ್ಪುವುದು ಕಡಿಮೆ. ಬಿಸಿಲನ್ನು ಎದುರಾಳಿಯ ಕಣ್ಣಿಗೆ ಬೀಳಿಸುವ ಲಾಬ್, ಗಾಳಿಗೆ ಬಿಟ್ಟು ಹಿಂದಕ್ಕೆ ಬೀಳಿಸುವ ಲಾಬ್ ಎರಡೂ ಇಲ್ಲಿ ನಡೆಯುವುದಿಲ್ಲ. ಛಾವಣಿಯೂ ಒಂದು ಎಲ್ಲೆ. ನೆಟ್‌ನ ಮೇಲೆ ಸುಮಾರು 9 ಮೀಟರ್ ಖಾಲಿ ಎತ್ತರ ಇರಬೇಕೆಂಬುದು ಸಾಮಾನ್ಯ ಶಿಫಾರಸು. ಹೊಡೆದ ಚೆಂಡು ಛಾವಣಿಗೋ ದೀಪದ ಚೌಕಟ್ಟಿಗೋ ತಾಗಿದರೆ ಹೊಡೆದವರೇ ಪಾಯಿಂಟ್ ಕಳೆದುಕೊಳ್ಳುತ್ತಾರೆ. ಒಟ್ಟಿನಲ್ಲಿ ಒಳಾಂಗಣ ನೇರ ಹೊಡೆತಗಾರ್ತಿಯರಿಗೂ ಕೈಚುರುಕಿನ ನೆಟ್ ಆಟಗಾರ್ತಿಯರಿಗೂ ಒಲಿಯುವ ಅಂಕಣ.

2005ರಲ್ಲಿ ಲಿಖೋವ್ಟ್ಸೆವಾ ಮತ್ತು ಅನಸ್ತೇಸಿಯಾ ಮಿಸ್ಕಿನಾ ಜೋಡಿ ಭಾರತೀಯ ಮೂಲದ ಸೋದರಿಯರಾದ ನೇಹಾ ಮತ್ತು ಶಿಖಾ ಉಬೆರಾಯ್ ಅವರನ್ನು ಫೈನಲ್‌ನಲ್ಲಿ 6–1, 6–0ರಿಂದ ಸೋಲಿಸಿತು. 2006ರ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ ಮಾರ್ಟಿನಾ ಹಿಂಗಿಸ್ ಎದುರು ಸೋತ ಸಾನಿಯಾ, ಹ್ಯೂಬರ್ ಜೊತೆಗೂಡಿ ಉಕ್ರೇನ್‌ನ ಯೂಲಿಯಾ ಬೈಗೆಲ್‌ಝಿಮರ್ ಮತ್ತು ಯೂಲಿಯಾನಾ ಫೆಡಾಕ್ ಅವರನ್ನು ಮಣಿಸಿ ಡಬಲ್ಸ್ ಪ್ರಶಸ್ತಿ ಪಡೆದರು. 2007ರಲ್ಲಿ ವಾನಿಯಾ ಕಿಂಗ್ ಮತ್ತು ಕುದ್ರ್ಯಾವ್ತ್‌ಸೆವಾ ಗೆದ್ದರು.

ಪರಿಣಾಮ

ಸಾನಿಯಾ ವೃತ್ತಿಜೀವನದಲ್ಲಿ 43 ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಗಳನ್ನು ಗೆದ್ದರು. ಅವುಗಳಲ್ಲಿ ಮೊದಲ ಮೂರು ಹೈದರಾಬಾದ್, ಬೆಂಗಳೂರು, ಕೋಲ್ಕತ್ತದವು. ಮೂರರಲ್ಲೂ ಜೊತೆಗಾರ್ತಿ ಹ್ಯೂಬರ್. ತವರಿನಲ್ಲಿ ನಡೆಯುವ ಪಂದ್ಯಾವಳಿಯ ಬೆಲೆ ಏನೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಯುರೋಪಿಗೆ ಹೋಗಿಬರುವ ಖರ್ಚಿಲ್ಲದೆ ರ‍್ಯಾಂಕಿಂಗ್ ಪಾಯಿಂಟ್ ಸಿಕ್ಕವು, ದೊಡ್ಡ ಆಟಗಾರ್ತಿಯರ ಜೊತೆ ನಂಟು ಬೆಳೆಯಿತು. ಒಳಾಂಗಣದ ಅನುಭವವೂ ಫಲ ಕೊಟ್ಟಿತು. ಸಿಂಗಪುರದ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಡಬ್ಲ್ಯುಟಿಎ ಫೈನಲ್ಸ್ ಡಬಲ್ಸ್ ಅನ್ನು ಅವರು 2014ರಲ್ಲಿ ಕಾರಾ ಬ್ಲ್ಯಾಕ್ ಜೊತೆ, 2015ರಲ್ಲಿ ಹಿಂಗಿಸ್ ಜೊತೆ ಗೆದ್ದರು. 2014ರ ಫೈನಲ್‌ನಲ್ಲಿ 6–1, 6–0ರಿಂದ ಸೋತವರು ಬೆಂಗಳೂರಿನಲ್ಲಿ ಆಡಿದ್ದ ಅದೇ ಶೇ ಮತ್ತು ಪೆಂಗ್. 2015ರ ವಿಂಬಲ್ಡನ್, ಯುಎಸ್ ಓಪನ್ ಮತ್ತು 2016ರ ಆಸ್ಟ್ರೇಲಿಯನ್ ಓಪನ್ ಮಹಿಳೆಯರ ಡಬಲ್ಸ್ ಪ್ರಶಸ್ತಿಗಳೂ ಹಿಂಗಿಸ್ ಜೊತೆಯಲ್ಲೇ ಬಂದವು.

ಸಾನಿಯಾ ನಂತರ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದ ಭಾರತೀಯಳು ಅಂಕಿತಾ ರೈನಾ. ಅದೂ ಡಬಲ್ಸ್‌ನಲ್ಲಿ: 2021ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ನ ಫಿಲಿಪ್ ಐಲೆಂಡ್ ಟ್ರೋಫಿಯಲ್ಲಿ, ರಷ್ಯಾದ ಕಮಿಲಾ ರಖಿಮೋವಾ ಜೊತೆ.

ಇಂದಿನ ಸ್ಥಿತಿ

2008ರ ನಂತರ ಬೆಂಗಳೂರು ಓಪನ್ ಡಬ್ಲ್ಯುಟಿಎ ಪಟ್ಟಿಯಲ್ಲಿ ಉಳಿಯಲಿಲ್ಲ. 2009ರಲ್ಲಿ ಟಿಯರ್ ವರ್ಗೀಕರಣವೇ ರದ್ದಾಯಿತು. ಈಗಿನ ದರ್ಜೆಗಳು 1000, 500, 250 ಮತ್ತು 125. 250ರ ದರ್ಜೆಯ ಮಹಿಳಾ ಟೆನಿಸ್ ಭಾರತಕ್ಕೆ ಮರಳಿದ್ದು 2022ರ ಚೆನ್ನೈ ಓಪನ್ ಮೂಲಕ. ಅಲ್ಲಿನ ಡಬಲ್ಸ್ ಪ್ರಶಸ್ತಿ ಕೆನಡಾದ ಗೇಬ್ರಿಯೆಲಾ ಡಬ್ರೊವ್ಸ್ಕಿ ಮತ್ತು ಬ್ರೆಜಿಲ್‌ನ ಲೂಯಿಸಾ ಸ್ಟೆಫಾನಿ ಅವರಿಗೆ ದಕ್ಕಿತು. ಮುಂಬೈ ಓಪನ್ 125ರ ದರ್ಜೆಯದು. ಇವೆರಡೂ ಹೊರಾಂಗಣದವು. ಒಳಾಂಗಣದಲ್ಲಿ ಹಿಂದೆ ಬಳಸುತ್ತಿದ್ದ ಕಾರ್ಪೆಟ್ ಜಗತ್ತಿನ ದೊಡ್ಡ ಪಂದ್ಯಾವಳಿಗಳಿಂದ ಮರೆಯಾಗಿ, ಅದರ ಜಾಗಕ್ಕೆ ಹಾರ್ಡ್ ಕೋರ್ಟ್ ಬಂದಿದೆ.

ಬೆಂಗಳೂರಿನಲ್ಲಿ ಮಹಿಳೆಯರ ವೃತ್ತಿಪರ ಡಬಲ್ಸ್ ಈಗ ಐಟಿಎಫ್ ಮಟ್ಟದಲ್ಲಿ ನಡೆಯುತ್ತದೆ. ಕಬ್ಬನ್ ಉದ್ಯಾನದ ಅದೇ ಕ್ರೀಡಾಂಗಣದಲ್ಲಿ ಕೆಪಿಬಿ ಟ್ರಸ್ಟ್ ಮಹಿಳಾ ಓಪನ್ 2023ರಲ್ಲಿ 40,000 ಡಾಲರ್ ದರ್ಜೆಯಲ್ಲಿ ನಡೆದು, 2025ರ ಜನವರಿಯ ಹೊತ್ತಿಗೆ ಡಬ್ಲ್ಯು100 ಎಂಬ ಮೇಲಿನ ದರ್ಜೆ ತಲುಪಿತು. ಈ ದರ್ಜೆಯಲ್ಲಿ ಗೆದ್ದ ಜೋಡಿಗೆ ತಲಾ 100 ಪಾಯಿಂಟ್. ಬೆಂಗಳೂರಿನ ಶರ್ಮದಾ ಬಾಲು ಅವರಂಥ ಕರ್ನಾಟಕದ ಆಟಗಾರ್ತಿಯರು ಡಬಲ್ಸ್ ಪ್ರಶಸ್ತಿಗಳನ್ನು ಗಳಿಸಿದ್ದು ಈ ಐಟಿಎಫ್ ಮಟ್ಟದಲ್ಲಿ.

ರಾಜಧಾನಿಯ ಹೊರಗೆ, ಕಲ್ಯಾಣ ಕರ್ನಾಟಕದ ಮಟ್ಟಿಗೆ, ಅಂತರರಾಷ್ಟ್ರೀಯ ಟೆನಿಸ್‌ನ ನೆಲೆ ಕಲಬುರಗಿ. ಅಲ್ಲಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ 2023ರ ಕೊನೆಗೆ ಪುರುಷರ ಐಟಿಎಫ್ ಪಂದ್ಯಾವಳಿ ನಡೆದು, ರಾಮ್‌ಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದರು.  ಪುರುಷರ ಪಂದ್ಯಾವಳಿಗೆ ಒದಗಿದ ಈ ಅಂಕಣಗಳೇ ಮಹಿಳೆಯರ ಐಟಿಎಫ್ ಡಬಲ್ಸ್‌ಗೂ ಸಾಕು. ಎರಡಕ್ಕೂ ಬೇಕಾದ ಅಂಕಣದ ಅಳತೆ, ನೆಟ್‌ನ ಎತ್ತರ ಒಂದೇ.